ಮೂರರಲ್ಲಿ ಐದು ಹೋಗಲ್ಲ: ಸಂಖ್ಯೆಗಳ ಬಗೆಗಳು, ಅವುಗಳಿಗೆ ತೆತ್ತ ಬೆಲೆ

(ಗಣಿತ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬೋರ್ಡಿನ ಮೇಲೆ ಏಳು ಸಂಖ್ಯೆ ಬರೆದಿದ್ದೇನೆ. √9, −8/4, 22/7, 0.999…, √2, 0, ಕೊನೆಗೆ 2.20. ಇವುಗಳಲ್ಲಿ ಯಾವುದು ಯಾವ ಬಗೆಯದು ಅಂತ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿ ನೋಡಿ. ವರ್ಗಮೂಲದ ಚಿಹ್ನೆ ಕಂಡ ಕೂಡಲೇ ‘ಅಭಾಗಲಬ್ಧ’, ಅಂದರೆ ಭಿನ್ನರಾಶಿಯಾಗಿ ಬರೆಯೋಕೆ ಆಗದ್ದು, ಅನ್ನುತ್ತಾರೆ. ಅಡ್ಡಗೆರೆ ಕಂಡರೆ ‘ಭಾಗಲಬ್ಧ’, ಅಂದರೆ ಹಾಗೆ ಬರೆಯಬಹುದಾದದ್ದು. ಚುಕ್ಕಿ ಕಂಡರೆ ‘ದಶಮಾಂಶ’. ಮುಖ ನೋಡಿ ಮಣೆ ಹಾಕುವುದು ಅಂದರೆ ಇದೇ. √9 ಅಂದರೆ ಬರೀ 3. ಮಗ್ಗಿ ಕಲಿಯುವ ಮಗುವಿಗೂ ಗೊತ್ತಿರುವ 3. −8/4 ಅಂದರೆ −2. 0.999… ಅಂದರೆ 1, ಅದು ಹೇಗೆ ಅಂತ ಆಮೇಲೆ ನೋಡೋಣ. 22/7ರದ್ದು ಬೇರೆಯೇ ಕಥೆ. 2.20 ಅಂತೂ ಅದನ್ನು ಯಾರು ಬರೆದರು ಅನ್ನುವುದರ ಮೇಲೆ ನಿಂತಿದೆ.

ತಪ್ಪು ಮಕ್ಕಳದ್ದಲ್ಲ. ನಾವು ಈ ಪಾಠವನ್ನು ಒಂದು ಚಿತ್ರದಿಂದ ಶುರು ಮಾಡುತ್ತೇವೆ. ಒಂದು ಪುಟ್ಟ ವೃತ್ತ, ಅದರ ಸುತ್ತ ಇನ್ನೊಂದು, ಅದರ ಸುತ್ತ ಮತ್ತೊಂದು. ಒಳಗಿನದು ಸ್ವಾಭಾವಿಕ ಸಂಖ್ಯೆ. ಆಮೇಲೆ ಪೂರ್ಣ ಸಂಖ್ಯೆ, ಪೂರ್ಣಾಂಕ, ಭಾಗಲಬ್ಧ, ವಾಸ್ತವ. ಮಕ್ಕಳು ಚಿತ್ರ ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಅಲ್ಲಿಗೆ ಮುಗೀತು. ಈ ವೃತ್ತಗಳನ್ನು ಯಾರು ಎಳೆದರು, ಒಂದು ಸಾಲದೆ ಇನ್ನೊಂದು ಯಾಕೆ ಬೇಕಾಯಿತು ಅಂತ ಕೇಳುವವರು ಕಮ್ಮಿ.

ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಇಷ್ಟೇ. ಹೆಚ್ಚುಕಮ್ಮಿ ಪ್ರತಿ ವೃತ್ತವೂ ಒಂದು ‘ಆಗಲ್ಲ’ದಿಂದ ಹುಟ್ಟಿದ್ದು. ಪ್ರತಿ ಸಲ ಅದನ್ನು ‘ಆಗುತ್ತೆ’ ಮಾಡಿಕೊಳ್ಳುವಾಗ ಕೈಯಲ್ಲಿದ್ದ ಏನನ್ನೋ ಬಿಟ್ಟುಕೊಟ್ಟಿದ್ದೇವೆ. ಮೊದಲನೆಯದನ್ನು ಪಠ್ಯಪುಸ್ತಕಗಳು ಅಷ್ಟಿಷ್ಟು ಹೇಳುತ್ತವೆ. ಬಿಟ್ಟುಕೊಟ್ಟಿದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮೊದಲು ಕೆಲವನ್ನು ಪಕ್ಕಕ್ಕೆ ಸರಿಸಿಬಿಡೋಣ. ನಿಮ್ಮ ಪಿನ್‌ಕೋಡು, ಮೊಬೈಲ್ ನಂಬರು, ಬೆಂಗಳೂರಿನ 335ಇ ಬಸ್ಸು. ಇವೆಲ್ಲ ಅಂಕಿಯಲ್ಲಿ ಬರೆದ ಹೆಸರುಗಳು. ಎರಡು ಪಿನ್‌ಕೋಡ್ ಕೂಡಿದರೆ ಏನೂ ಸಿಗುವುದಿಲ್ಲ. 560001 ಅನ್ನುವ ಜಾಗ 560002ಕ್ಕಿಂತ ಚಿಕ್ಕದೂ ಅಲ್ಲ. ಕೂಡಿ ಕಳೆದರೆ ಅರ್ಥ ಬರುವಂಥವು ಮಾತ್ರ ನಮ್ಮ ಇವತ್ತಿನ ಲೆಕ್ಕಕ್ಕೆ.

1, 2, 3, 4… ಎಣಿಸುವ ಸಂಖ್ಯೆಗಳು. ಪುಸ್ತಕದಲ್ಲಿ ಇವಕ್ಕೆ ಸ್ವಾಭಾವಿಕ ಸಂಖ್ಯೆಗಳು ಅನ್ನುತ್ತೇವೆ. ಇದಕ್ಕೆ ಸೊನ್ನೆ ಸೇರಿಸಿದರೆ ಪೂರ್ಣ ಸಂಖ್ಯೆಗಳು. ನಮ್ಮ ಪಠ್ಯದಲ್ಲಿ ಹೀಗೆ. ಫ್ರಾನ್ಸಿನ ಶಾಲೆಗೆ ಹೋದರೆ ಸ್ವಾಭಾವಿಕ ಸಂಖ್ಯೆ ಶುರುವಾಗುವುದೇ ಸೊನ್ನೆಯಿಂದ. ಇಟಲಿಯ ಪೆಯಾನೊ 1889ರಲ್ಲಿ ಈ ಸಂಖ್ಯೆಗಳಿಗೆ ನಿಯಮ ಬರೆದಾಗ 1ರಿಂದ ಹೊರಟರು. ಮುಂದೆ ತಾವೇ ಮನಸ್ಸು ಬದಲಿಸಿ 0ಯಿಂದ ಶುರು ಮಾಡಿದರು. ಹಾಗಾಗಿ ‘ಸೊನ್ನೆ ಸ್ವಾಭಾವಿಕವೋ ಅಲ್ಲವೋ’ ಅಂತ ವಾಟ್ಸಾಪ್ ಗುಂಪಿನಲ್ಲಿ ಜಗಳ ಆಡಬೇಡಿ. ಅದು ಒಪ್ಪಂದದ ಮಾತು. ಪರೀಕ್ಷೆಗೆ ನಿಮ್ಮ ಪುಸ್ತಕ ಹೇಳಿದ್ದನ್ನು ಬರೆಯಿರಿ. ಅಂದ ಹಾಗೆ ‘ಪೂರ್ಣ ಸಂಖ್ಯೆ’ ಒಂದು, ‘ಪೂರ್ಣಾಂಕ’ ಇನ್ನೊಂದು ಅಂತ ಹೆಸರಿಟ್ಟವರಿಗೆ ಮಕ್ಕಳ ಮೇಲೆ ಏನು ಸಿಟ್ಟಿತ್ತೋ ಗೊತ್ತಿಲ್ಲ.

ಈ ಪುಟ್ಟ ವೃತ್ತದ ಒಳಗೇ ಒಂದು ವಿಂಗಡಣೆ ಇದೆ. ಸಮ, ಬೆಸ ಎಲ್ಲರಿಗೂ ಗೊತ್ತು, ಬಿಡಿ. ಅವಿಭಾಜ್ಯ ಮತ್ತು ಸಂಯುಕ್ತ ಅನ್ನುವ ವಿಂಗಡಣೆಗೆ ಸ್ವಲ್ಪ ಹೊತ್ತು ಕೊಡೋಣ. 1 ಮತ್ತು ತನ್ನನ್ನು ಬಿಟ್ಟು ಬೇರೆ ಯಾವುದರಿಂದಲೂ ಭಾಗವಾಗದ ಸಂಖ್ಯೆ ಅವಿಭಾಜ್ಯ. 2, 3, 5, 7, 11, ಹೀಗೆ.

ಇಲ್ಲಿಗೆ ಬಂದಾಗ ಎರಡನೇ ಸಾಲಿನಿಂದ ಒಬ್ಬರು ಕೈ ಎತ್ತಿದರು. “ಸರ್, 1ನ್ನು 1 ಭಾಗಿಸುತ್ತೆ, ಅದು ತಾನೂ ಹೌದು. ಮತ್ಯಾಕೆ 1 ಅವಿಭಾಜ್ಯ ಅಲ್ಲ?”

ಒಳ್ಳೆ ಪ್ರಶ್ನೆ. ‘ಎರಡು ಬೇರೆ ಬೇರೆ ಭಾಜಕ ಇರಬೇಕು’ ಅಂತ ನಾವು ಕ್ಲಾಸಿನಲ್ಲಿ ಹೇಳುವ ಉತ್ತರ ತಪ್ಪಲ್ಲ. ಆದರೆ ಅದು ಉತ್ತರವೇ ಅಲ್ಲ, ನಿಯಮವನ್ನೇ ಇನ್ನೊಂದು ಸಲ ಓದಿದ ಹಾಗೆ. ನಿಜವಾದ ಕಾರಣಕ್ಕೆ 60ನ್ನು ತೆಗೆದುಕೊಳ್ಳಿ. ನೀವು 6×10 ಅಂತ ಒಡೆಯಿರಿ, ನಾನು 4×15 ಅಂತ ಒಡೆಯುತ್ತೇನೆ. ಇಬ್ಬರೂ ಕೊನೆಯ ತನಕ ಒಡೆಯುತ್ತಾ ಹೋಗೋಣ. ನಿಮಗೆ 2×3×2×5, ನನಗೆ 2×2×3×5. ಸಾಲು ಬೇರೆ, ಸಾಮಾನು ಒಂದೇ. ಎರಡು 2, ಒಂದು 3, ಒಂದು 5. ಯಾವ ಸಂಖ್ಯೆ ಕೊಟ್ಟರೂ, ಯಾರು ಒಡೆದರೂ, ಕೊನೆಗೆ ಸಿಗುವ ಅವಿಭಾಜ್ಯಗಳು ಅವೇ. ಇಡೀ ಅಂಕಗಣಿತ ನಿಂತಿರುವುದು ಈ ಮಾತಿನ ಮೇಲೆ. ಈಗ 1ನ್ನೂ ಅವಿಭಾಜ್ಯ ಅಂತ ಒಳಗೆ ಬಿಟ್ಟುಕೊಳ್ಳಿ. 60 ಅಂದರೆ 1×2×2×3×5. ಇಲ್ಲ, 1×1×2×2×3×5. ಇಲ್ಲ, ಇನ್ನೂ ಹತ್ತು 1 ಸೇರಿಸಿ. ‘ಒಂದೇ ರೀತಿ ಒಡೆಯುತ್ತೆ’ ಅನ್ನುವ ಮಾತು ಅಲ್ಲಿಗೆ ಹಾಳಾಯಿತು. ಅದಕ್ಕೇ 1ನ್ನು ಹೊರಗಿಟ್ಟರು. ಇದು ಪ್ರಕೃತಿ ಮಾಡಿದ ತೀರ್ಮಾನ ಅಲ್ಲ, ನಾವು ಮಾಡಿಕೊಂಡದ್ದು. 1742ರಲ್ಲಿ ಗಣಿತಜ್ಞ ಗೋಲ್ಡ್‌ಬಾಕ್ ಅವಿಭಾಜ್ಯಗಳ ಬಗೆಗಿನ ತಮ್ಮ ಹೆಸರಾಂತ ಊಹೆಯನ್ನು ಇನ್ನೊಬ್ಬ ಗಣಿತಜ್ಞ ಆಯ್ಲರ್‌ಗೆ ಪತ್ರದಲ್ಲಿ ಬರೆದಾಗ 1ನ್ನು ಅವಿಭಾಜ್ಯ ಅಂತಲೇ ಲೆಕ್ಕಕ್ಕೆ ಹಿಡಿದಿದ್ದರು. 1914ರಲ್ಲಿ ಅಮೆರಿಕದ ಲೆಹ್ಮರ್ ಅಚ್ಚು ಹಾಕಿಸಿದ ಅವಿಭಾಜ್ಯಗಳ ಪಟ್ಟಿ ಕೂಡ 1ರಿಂದಲೇ ಶುರುವಾಗುತ್ತದೆ.

ಈ ‘ಒಂದೇ ರೀತಿ ಒಡೆಯುತ್ತೆ’ ಅನ್ನುವುದನ್ನು ನೆನಪಿಟ್ಟುಕೊಳ್ಳಿ. √2ರ ಹತ್ತಿರ ಬೇಕಾಗುತ್ತದೆ.

ಬಗೆಗಳನ್ನು ಎಷ್ಟು ಬೇಕಾದರೂ ಮಾಡಬಹುದು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಕಾಪ್ರೇಕರ್ ಅಂತ ಶಾಲಾ ಮೇಷ್ಟ್ರು ಇದ್ದರು. ಜೀವನವಿಡೀ ಸಂಖ್ಯೆಗಳ ಜೊತೆ ಆಟ ಆಡಿದವರು. 45ರ ವರ್ಗ 2025, ಅದನ್ನು ಮುರಿದರೆ 20+25, ಮತ್ತೆ 45. ಇಂಥ ಸಂಖ್ಯೆಗಳನ್ನು ಇವತ್ತು ಜಗತ್ತು ಕಾಪ್ರೇಕರ್ ಸಂಖ್ಯೆ ಅಂತ ಕರೆಯುತ್ತದೆ. ಅವರ 6174 ಇನ್ನೂ ಮಜಾ. ನಾಲ್ಕಂಕಿಯ ಸಂಖ್ಯೆ ಒಂದನ್ನು ಹಿಡಿಯಿರಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆಯಲ್ಲಿ ಬರೆದು ಏರಿಕೆಯದನ್ನು ಕಳೆಯಿರಿ. 3524 ಅಂದುಕೊಳ್ಳಿ. 5432ರಲ್ಲಿ 2345 ಹೋದರೆ 3087. 8730ರಲ್ಲಿ 0378 ಹೋದರೆ 8352. 8532ರಲ್ಲಿ 2358 ಹೋದರೆ 6174. ಹೆಚ್ಚೆಂದರೆ ಏಳು ಸಲ ಕಳೆಯುವುದರೊಳಗೆ ಯಾವುದೇ ಸಂಖ್ಯೆ ಅಲ್ಲಿಗೇ ಬಂದು ನಿಲ್ಲುತ್ತದೆ. ಇದರಿಂದ ಸೇತುವೆ ಕಟ್ಟೋಕೆ ಆಗಲ್ಲ, ನಿಜ. ಆದರೆ ಮಳೆಗಾಲದ ಸಂಜೆ ಕರೆಂಟ್ ಹೋದಾಗ ಮಕ್ಕಳಿಗೆ ಕೊಡೋಕೆ ಇದಕ್ಕಿಂತ ಒಳ್ಳೆಯ ಆಟ ನನಗೆ ಗೊತ್ತಿಲ್ಲ.

ಸರಿ, ಈಗ ಮೊದಲ ‘ಆಗಲ್ಲ’.

ಎರಡನೇ ತರಗತಿಯಲ್ಲಿ ನಾವೆಲ್ಲ ಕಲಿತದ್ದು ಏನು? “ಮೂರರಲ್ಲಿ ಐದು ಹೋಗಲ್ಲ, ಪಕ್ಕದ ಮನೆಯಿಂದ ಸಾಲ ತಗೋ.” ಪಕ್ಕದಲ್ಲಿ ಮನೆಯೇ ಇಲ್ಲದಿದ್ದರೆ? ಆಗ ಸಾಲವನ್ನೇ ಸಂಖ್ಯೆ ಮಾಡಬೇಕು. ಅದನ್ನು ಧೈರ್ಯವಾಗಿ ಮಾಡಿದವರು ಬ್ರಹ್ಮಗುಪ್ತ. ಇವತ್ತಿನ ರಾಜಸ್ಥಾನದ ಭೀನ್‌ಮಾಲ್‌ನಲ್ಲಿ, 628ನೇ ಇಸವಿಯಲ್ಲಿ. ಕೈಯಲ್ಲಿರುವುದು ಧನ, ಕೊಡಬೇಕಾದದ್ದು ಋಣ, ಎರಡೂ ಸಮ ಆದರೆ ಶೂನ್ಯ. ಎರಡು ಋಣ ಕೂಡಿದರೆ ಋಣ. ಋಣವನ್ನು ಋಣದಿಂದ ಗುಣಿಸಿದರೆ ಧನ. ಇಷ್ಟು ಬಿಡಿಸಿ ಬರೆದಿಟ್ಟರು. ಯೂರೋಪಿನಲ್ಲಿ ಇದಾಗಿ ಸಾವಿರ ವರ್ಷ ಕಳೆದ ಮೇಲೂ ತಕರಾರು ನಡೆದೇ ಇತ್ತು. ಇಂಗ್ಲೆಂಡಿನ ಮೆಸೆರೆಸ್ 1758ರಲ್ಲಿ ಋಣ ಸಂಖ್ಯೆಗಳ ವಿರುದ್ಧ ಒಂದು ಇಡೀ ಪುಸ್ತಕವನ್ನೇ ಬರೆದರು.

ಕೂಡುವುದಕ್ಕೆ, ಕಳೆಯುವುದಕ್ಕೆ ಸಾಲದ ಉದಾಹರಣೆ ಸಾಕು. ಗುಣಾಕಾರಕ್ಕೆ ಸಾಲದು. ಸಾಲವನ್ನು ಸಾಲದಿಂದ ಗುಣಿಸುವುದು ಅಂದರೆ ಏನು? ಯಾವ ಬ್ಯಾಂಕಿನಲ್ಲೂ ಅಂಥ ವ್ಯವಹಾರ ಇಲ್ಲ. ಆದ್ದರಿಂದ ಮಕ್ಕಳಿಗೆ ಕಥೆ ಕಟ್ಟಬೇಡಿ, ಲೆಕ್ಕವನ್ನೇ ತೋರಿಸಿ. 2 ಮತ್ತು −2 ಕೂಡಿದರೆ ಸೊನ್ನೆ. ಅದನ್ನು −3ರಿಂದ ಗುಣಿಸಿದರೂ ಸೊನ್ನೆಯೇ ಬರಬೇಕು. ಬಿಡಿಸಿ ಗುಣಿಸಿ. −3 ಗುಣಿಸು 2 ಅಂದರೆ −6. ಅದಕ್ಕೆ −3 ಗುಣಿಸು −2 ಸೇರಿಸಿದಾಗ ಸೊನ್ನೆ ಆಗಬೇಕಾದರೆ, ಆ ಎರಡನೆಯದು +6 ಆಗಲೇಬೇಕು. ಬೇರೆ ದಾರಿ ಇಲ್ಲ. ಹಳೆಯ ನಿಯಮಗಳನ್ನು ಉಳಿಸಿಕೊಳ್ಳಬೇಕು ಅಂತ ಹಟ ಹಿಡಿದರೆ ಹೊಸ ನಿಯಮ ತಾನಾಗಿ ಹೊರಗೆ ಬರುತ್ತದೆ.

ಹೀಗೆ ಧನ, ಋಣ, ಸೊನ್ನೆ ಎಲ್ಲ ಸೇರಿದ ಪೂರ್ಣಾಂಕಗಳು ಸಿಕ್ಕವು. ಕೊಟ್ಟಿದ್ದೇನು? ಎಣಿಕೆಯ ಸಂಖ್ಯೆಗಳಲ್ಲಿ ‘ಎಲ್ಲಕ್ಕಿಂತ ಚಿಕ್ಕದು’ ಅಂತ ಒಂದಿತ್ತು. ಅಲ್ಲಿ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದರೆ ಎಲ್ಲೋ ಒಂದು ಕಡೆ ನೆಲ ಸಿಕ್ಕೇ ಸಿಗುತ್ತದೆ. ಗಣಿತದಲ್ಲಿ ‘ಇದು ಹೀಗೇ’ ಅಂತ ಸಾಧಿಸಿ ತೋರಿಸುವ ಎಷ್ಟೋ ವಾದಗಳು ಆ ನೆಲವನ್ನೇ ನಂಬಿಕೊಂಡಿವೆ. ಪೂರ್ಣಾಂಕಗಳಲ್ಲಿ ನೆಲವೇ ಇಲ್ಲ. −1, −100, −ಕೋಟಿ, ಕೆಳಗೆ ಹೋಗುತ್ತಲೇ ಇರಬಹುದು.

ಎರಡನೇ ‘ಆಗಲ್ಲ’: ಮೂರು ರೊಟ್ಟಿಯನ್ನು ಐದು ಜನಕ್ಕೆ ಸಮನಾಗಿ ಹಂಚುವುದು. ಇದನ್ನು ಮನುಷ್ಯ ಋಣ ಸಂಖ್ಯೆಗಿಂತ ಎಷ್ಟೋ ಮುಂಚೆ ಬಗೆಹರಿಸಿಕೊಂಡಿದ್ದ. ಚರಿತ್ರೆ ನಮ್ಮ ಪುಸ್ತಕದ ವೃತ್ತಗಳ ಕ್ರಮದಲ್ಲಿ ನಡೆದಿಲ್ಲ. ಕಾಲು, ಅರ್ಧ, ಮುಕ್ಕಾಲಿಗೆ ನಮ್ಮ ಅಜ್ಜಂದಿರು ಮಗ್ಗಿಯನ್ನೇ ಹೇಳಿಕೊಳ್ಳುತ್ತಿದ್ದರು.

ಇಲ್ಲಿ ನಮ್ಮದೇ ನೆಲದ ಒಬ್ಬರನ್ನು ನೆನೆಯಬೇಕು. ಮಹಾವೀರಾಚಾರ್ಯ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದವರು. ಅವನ ರಾಜಧಾನಿ ಮಾನ್ಯಖೇಟ, ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ. ಮಹಾವೀರರು ಸುಮಾರು 850ರಲ್ಲಿ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಭಿನ್ನರಾಶಿಗಳನ್ನು ಆರು ಜಾತಿಯಾಗಿ ವಿಂಗಡಿಸಿದ್ದಾರೆ. ಜಾತಿ ಅನ್ನುವುದು ಅವರದೇ ಮಾತು. 1ನ್ನು, ಮೇಲೆ 1 ಇರುವ ಬೇರೆ ಬೇರೆ ಭಿನ್ನಗಳ ಮೊತ್ತವಾಗಿ ಬರೆಯುವುದಕ್ಕೆ ಅವರು ಕೊಟ್ಟ ಸೂತ್ರ ನನಗೆ ತುಂಬಾ ಇಷ್ಟ. ಮೊದಲು 1/2. ಆಮೇಲೆ 1/3, 1/9, 1/27 ಅಂತ ಮೂರರ ಪಟ್ಟು. ಕೊನೆಯದಕ್ಕೆ ಮಾತ್ರ ಮೂರರ ಬದಲು ಎರಡು ಪಟ್ಟು. ಮೂರು ಭಿನ್ನ ಬೇಕಾದರೆ 1/2, 1/3, 1/6. ನಾಲ್ಕು ಬೇಕಾದರೆ 1/2, 1/3, 1/9, 1/18. ಛೇದ 18 ಮಾಡಿ ಕೂಡಿ ನೋಡಿ. 9, 6, 2, 1, ಒಟ್ಟು 18. ಮೂರರಿಂದ ಮೇಲೆ ಎಷ್ಟು ಭಿನ್ನ ಕೇಳಿದರೂ ಕೊಡಬಹುದು.

ಭಾಗಲಬ್ಧ ಅಂದರೆ ಮಕ್ಕಳ ಮಾತಿನಲ್ಲಿ ‘ಪಿ ಬೈ ಕ್ಯೂ’. ಎರಡೂ ಪೂರ್ಣಾಂಕ, ಕೆಳಗೆ ಸೊನ್ನೆ ಇರಬಾರದು. ಇಲ್ಲಿ ಕಳೆದುಕೊಂಡದ್ದು ‘ಮುಂದಿನದು’ ಅನ್ನುವ ಮಾತನ್ನು. 4ರ ಮುಂದೆ 5 ಇದೆ. 1/2ರ ಮುಂದಿನ ಸಂಖ್ಯೆ ಯಾವುದು? ನೀವು ಯಾವುದನ್ನೇ ಹೇಳಿ, ಅದಕ್ಕೂ ಅರ್ಧಕ್ಕೂ ನಡುವೆ ನಾನೊಂದು ತೂರಿಸುತ್ತೇನೆ.

‘ಕೆಳಗೆ ಸೊನ್ನೆ ಇರಬಾರದು’ ಅಂತ ಸುಮ್ನೆ ಹೇಳಿ ಮುಂದೆ ಹೋಗಿಬಿಡುತ್ತೇವೆ, ಅಲ್ವಾ? ಮಿಕ್ಕೆಲ್ಲ ‘ಆಗಲ್ಲ’ಗಳನ್ನು ಮುಂದಿನ ಯಾವುದೋ ತರಗತಿಯಲ್ಲಿ ‘ಆಗುತ್ತೆ’ ಮಾಡಿದೆವು. ಇದನ್ನು ಮಾತ್ರ ಯಾಕೆ ಹಾಗೇ ಬಿಟ್ಟೆವು? ದೊಡ್ಡವರೂ ಇಲ್ಲಿ ಒದ್ದಾಡಿದ್ದಾರೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಸೊನ್ನೆ ಅಂದರು ಬ್ರಹ್ಮಗುಪ್ತ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗುವುದಿಲ್ಲ ಅಂದರು ನಮ್ಮ ಮಹಾವೀರರು. 1150ರ ಹೊತ್ತಿಗೆ ಎರಡನೇ ಭಾಸ್ಕರರು ಅದನ್ನು ‘ಖಹರ’ ಅಂತ ಕರೆದು, ಏನು ಕೂಡಿದರೂ ಕಳೆದರೂ ಬದಲಾಗದ ಅನಂತ ಅಂದರು. ಸರಿ, ಒಂದು ಹೊಸ ಸಂಖ್ಯೆ ಮಾಡಿಯೇ ಬಿಡೋಣ. 1/0ಗೆ ‘ಕ’ ಅಂತ ಹೆಸರಿಡೋಣ. ಭಾಗಾಕಾರದ ಅರ್ಥದ ಪ್ರಕಾರ ಕ ಗುಣಿಸು 0 ಅಂದರೆ 1 ಆಗಬೇಕು. ಆದರೆ ಯಾವುದನ್ನು ಸೊನ್ನೆಯಿಂದ ಗುಣಿಸಿದರೂ ಸೊನ್ನೆ. ಅಂದರೆ 0 ಮತ್ತು 1 ಒಂದೇ. ಅದನ್ನು ಒಪ್ಪಿದರೆ ಎಲ್ಲ ಸಂಖ್ಯೆಗಳೂ ಒಂದೇ ಆಗಿಬಿಡುತ್ತವೆ. ಬೇರೆ ಕಡೆಯೆಲ್ಲ ಒಂದೊಂದು ಸೌಲಭ್ಯ ಬಿಟ್ಟುಕೊಟ್ಟು ವ್ಯಾಪಾರ ಮುಗಿಸಿದೆವು. ಇಲ್ಲಿ ಅಂಗಡಿಯನ್ನೇ ಕೇಳುತ್ತಿದ್ದಾರೆ. ಅದಕ್ಕೇ ಬೇಡ ಅಂದೆವು.

ಈಗ ದಶಮಾಂಶಕ್ಕೆ ಬರೋಣ. ಒಂದು ಭಾಗಲಬ್ಧ ಸಂಖ್ಯೆಯನ್ನು ದಶಮಾಂಶವಾಗಿ ಬರೆದರೆ ಒಂದೋ ನಿಲ್ಲುತ್ತದೆ, ಇಲ್ಲವೇ ಮರುಕಳಿಸುತ್ತದೆ. ಇದನ್ನು ಉರು ಹೊಡೆಸುವ ಬದಲು ಒಂದು ಸಲ 1ನ್ನು 7ರಿಂದ ಭಾಗಿಸಿ ತೋರಿಸಿ. 10ರಲ್ಲಿ 7 ಒಂದು ಸಲ, ಶೇಷ 3. 30ರಲ್ಲಿ ನಾಲ್ಕು ಸಲ, ಶೇಷ 2. 20ರಲ್ಲಿ ಎರಡು, ಶೇಷ 6. 60ರಲ್ಲಿ ಎಂಟು, ಶೇಷ 4. 40ರಲ್ಲಿ ಐದು, ಶೇಷ 5. 50ರಲ್ಲಿ ಏಳು, ಶೇಷ 1. ನಿಲ್ಲಿಸಿ. 1ರಿಂದ ಶುರು ಮಾಡಿದ್ದೆವು, ಮತ್ತೆ 1 ಬಂತು. ಇನ್ನು ಮುಂದೆ ಅದೇ ಕಥೆ. 7ರಿಂದ ಭಾಗಿಸುವಾಗ, ಲೆಕ್ಕ ಮುಗಿಯದಿದ್ದರೆ, ಶೇಷ 1ರಿಂದ 6ರೊಳಗೇ ಇರಬೇಕು. ಆರು ಶೇಷ ಖರ್ಚಾದ ಮೇಲೆ ಹಳೆಯದೇ ಬರಬೇಕಲ್ಲ, ಹೊಸದು ಎಲ್ಲಿಂದ ಬರುತ್ತೆ? ಹಾಗಾಗಿ 0.142857 142857… ಹೀಗೇ ಸುತ್ತುತ್ತದೆ. ಇದನ್ನು ಕಣ್ಣಾರೆ ಕಂಡ ಮಗು ಆ ನಿಯಮವನ್ನು ಮರೆಯಲ್ಲ.

0.999…ಕ್ಕೂ ಇಲ್ಲೇ ಉತ್ತರ ಇದೆ. 1/3 ಅಂದರೆ 0.333… ಅಂತ ಎಲ್ಲರೂ ಒಪ್ಪುತ್ತೀರಿ. ಮೂರರಿಂದ ಗುಣಿಸಿ. ಒಂದು ಕಡೆ 1, ಇನ್ನೊಂದು ಕಡೆ 0.999… ಇಲ್ಲಿರುವುದು ಒಂದೇ ಸಂಖ್ಯೆ, ಬರೆಯುವ ರೀತಿ ಎರಡು.

ಯಾವುದು ನಿಲ್ಲುತ್ತದೆ, ಯಾವುದು ಮರುಕಳಿಸುತ್ತದೆ ಅನ್ನುವುದು ಕೂಡ ಬರವಣಿಗೆಯ ಗುಣ, ಸಂಖ್ಯೆಯದಲ್ಲ. ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆ, 10 ಅಂದರೆ 2×5. ಅದಕ್ಕೇ ಛೇದದಲ್ಲಿ 2, 5 ಮಾತ್ರ ಇದ್ದರೆ ದಶಮಾಂಶ ನಿಲ್ಲುತ್ತದೆ. ಕಂಪ್ಯೂಟರ್ ಎರಡರ ಲೆಕ್ಕದಲ್ಲಿ ಬರೆಯುತ್ತದೆ. ಅದಕ್ಕೆ 1/10 ಮುಗಿಯದ ಸಾಲು. ಎಲ್ಲೋ ಕತ್ತರಿಸಲೇಬೇಕು. ಮನೆಯಲ್ಲಿ ಪೈಥಾನ್ ಪ್ರೋಗ್ರಾಮಿಂಗ್ ಕಲಿಯುವ ಮಕ್ಕಳಿದ್ದರೆ 0.1 ಮತ್ತು 0.2 ಕೂಡಿಸಿ ನೋಡೋಕೆ ಹೇಳಿ. 0.30000000000000004 ಅಂತ ಬರುತ್ತದೆ. ಕಂಪ್ಯೂಟರ್ ಕೆಟ್ಟಿಲ್ಲ, ಗಾಬರಿ ಬೇಡ.

ಇನ್ನು 2.20. ಗಣಿತದ ಮೇಷ್ಟ್ರು ಬರೆದರೆ ಅದು ಎರಡು ಮತ್ತು ಐದನೇ ಒಂದು ಭಾಗ. ಜಮೀನಿನ ಕಾಗದದಲ್ಲಿದ್ದರೆ 2 ಎಕರೆ 20 ಗುಂಟೆ. 40 ಗುಂಟೆಗೆ ಒಂದು ಎಕರೆ, ಹಾಗಾಗಿ ಅದು ಎರಡೂವರೆ ಎಕರೆ. ಅದರ ಪಕ್ಕದ 1.30ನ್ನು ಕ್ಯಾಲ್ಕ್ಯುಲೇಟರಿನಲ್ಲಿ ಕೂಡಿದರೆ 3.50 ತೋರಿಸುತ್ತದೆ. ನಿಜವಾದ ಲೆಕ್ಕ 3 ಎಕರೆ 50 ಗುಂಟೆ, ಅಂದರೆ 4 ಎಕರೆ 10 ಗುಂಟೆ. ಕ್ರಿಕೆಟ್ಟಿನ 19.3 ಓವರ್ ಕೂಡ ಹಾಗೇ, ಹತ್ತೊಂಬತ್ತೂವರೆ. ಚುಕ್ಕಿ ಇದ್ದದ್ದೆಲ್ಲ ದಶಮಾಂಶ ಅಲ್ಲ.

ಮೂರನೇ ‘ಆಗಲ್ಲ’ ನಿಜಕ್ಕೂ ದೊಡ್ಡದು. ಒಂದು ಅಡಿ ಬದಿಯ ಚೌಕ. ಮೂಲೆಯಿಂದ ಮೂಲೆಗೆ ಎಷ್ಟು? ಯಾವ ಸಂಖ್ಯೆಯ ವರ್ಗ 2 ಆಗುತ್ತದೋ ಅಷ್ಟು. ಯಜ್ಞವೇದಿಕೆ ಕಟ್ಟುವವರಿಗೆ ಇದು ದಿನಬೆಳಗಾದರೆ ಬೇಕಾಗಿತ್ತು. ಬೌಧಾಯನ ಶುಲ್ಬಸೂತ್ರ ಒಂದು ಉಪಾಯ ಕೊಡುತ್ತದೆ. ಅಳತೆಗೆ ಅದರ ಮೂರನೇ ಒಂದು ಸೇರಿಸು, ಆ ಮೂರನೇ ಒಂದರ ನಾಲ್ಕನೇ ಒಂದು ಸೇರಿಸು, ಅದರ ಮೂವತ್ತನಾಲ್ಕನೇ ಒಂದು ಕಳೆ. ಅಂದರೆ 1 + 1/3 + 1/12 − 1/408. ಛೇದ 408 ಮಾಡಿ: 408 + 136 + 34 − 1, ಒಟ್ಟು 577. ಹಾಗಾಗಿ 577/408.

ಇದು ಎಷ್ಟು ಸರಿ? 577ರ ವರ್ಗ 332929. 408ರ ವರ್ಗದ ಎರಡರಷ್ಟು 332928. ಮೂರು ಲಕ್ಷ ಚಿಲ್ಲರೆಯಲ್ಲಿ ಬರೀ ಒಂದು ಜಾಸ್ತಿ! ಇಷ್ಟು ಹತ್ತಿರ ಬಂದಮೇಲೆ ಇನ್ನೊಂದು ಸ್ವಲ್ಪ ಹುಡುಕಿದರೆ ಸರಿಯಾದದ್ದೇ ಸಿಗಬಹುದು ಅಂತ ಯಾರಿಗಾದರೂ ಅನ್ನಿಸಬೇಕು.

ಸಿಗಲ್ಲ. ಎಂದಿಗೂ ಸಿಗಲ್ಲ. ಕಾರಣ, ಆಗ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅದೇ. ಯಾವುದೇ ವರ್ಗ ಸಂಖ್ಯೆಯನ್ನು ಒಡೆಯಿರಿ. 36 ಅಂದರೆ 2×2×3×3. 100 ಅಂದರೆ 2×2×5×5. ವರ್ಗದಲ್ಲಿ ಪ್ರತಿ ಅವಿಭಾಜ್ಯವೂ ಜೋಡಿಯಾಗಿಯೇ ಬರಬೇಕು. ಈಗ √2 ಅನ್ನುವುದು ಪಿ/ಕ್ಯೂ ಅಂದುಕೊಳ್ಳಿ. ಪಿಯ ವರ್ಗ, ಕ್ಯೂನ ವರ್ಗದ ಎರಡರಷ್ಟು ಆಗಬೇಕು. ಎಡಗಡೆ ಎಷ್ಟು 2 ಇವೆ? ಸಮಸಂಖ್ಯೆಯಷ್ಟು. ಬಲಗಡೆ? ಕ್ಯೂನ ವರ್ಗದಲ್ಲಿ ಸಮಸಂಖ್ಯೆಯಷ್ಟು, ಮೇಲೆ ಇನ್ನೊಂದು. ಅಂದರೆ ಬೆಸ. ಒಂದೇ ಸಂಖ್ಯೆ ಒಂದೇ ರೀತಿ ಒಡೆಯುತ್ತದೆ ಅನ್ನುವುದಾದರೆ ಎಡಗಡೆ ಸಮ, ಬಲಗಡೆ ಬೆಸ ಆಗೋಕೆ ಸಾಧ್ಯವೇ ಇಲ್ಲ. ಮುಗೀತು. 1ನ್ನು ಹೊರಗಿಟ್ಟು ಕಾಪಾಡಿಕೊಂಡ ನಿಯಮ ಇಲ್ಲಿ ನಮ್ಮನ್ನು ಕಾಪಾಡಿತು. ಒಂದರ ವ್ಯತ್ಯಾಸ ಅನ್ನುವುದು ಪೂರ್ಣಾಂಕಗಳಲ್ಲಿ ಬರಬಹುದಾದ ಅತಿ ಚಿಕ್ಕ ವ್ಯತ್ಯಾಸ. ಶುಲ್ಬಸೂತ್ರದವರ 577, 408 ಆ ಅಂಚಿನ ತನಕ ಹೋಗಿ ನಿಂತಿವೆ.

ಇಂಥವು ಅಭಾಗಲಬ್ಧ. ಬೇಕಾದರೆ ಮನೆಯಲ್ಲೇ ಒಂದು ತಯಾರಿಸಬಹುದು. 0.101001000100001… ಪ್ರತಿ ಸಲ ಒಂದು ಸೊನ್ನೆ ಜಾಸ್ತಿ. ನಿಲ್ಲುವುದಿಲ್ಲ, ಮರುಕಳಿಸುವುದೂ ಇಲ್ಲ.

“ಹಾಗಾದ್ರೆ ಪೈ ಅಂದ್ರೆ 22/7 ಅಂತ ಯಾಕೆ ಕಲಿಸ್ತೀರಿ?” ಅಂತ ಮಗಳನ್ನು ಕರೆದುಕೊಂಡು ಬಂದಿದ್ದ ಒಬ್ಬ ತಾಯಿ ಕೇಳಿದರು. ಸರಿಯಾಗಿ ಹಿಡಿದಿರಿ, ಮೇಡಂ. 22/7 ಭಾಗಲಬ್ಧ, ಈಗಷ್ಟೇ 1/7 ಮಾಡಿದೆವಲ್ಲ. ಅದು 3.142857… ಪೈ 3.14159… ಮೂರನೇ ದಶಮಾಂಶದಲ್ಲೇ ದಾರಿ ಬೇರೆ ಆಗುತ್ತದೆ. ‘ಪೈ ಸುಮಾರು 22/7’ ಅನ್ನುವಾಗ ಆ ‘ಸುಮಾರು’ ಅನ್ನುವುದನ್ನು ನಾವು ನುಂಗಿಬಿಡುತ್ತೇವೆ. ಆರ್ಯಭಟರು ನುಂಗಲಿಲ್ಲ. 499ರಲ್ಲಿ, 20000 ವ್ಯಾಸಕ್ಕೆ 62832 ಪರಿಧಿ ಅಂತ ಹೇಳಿ, ಇದು ‘ಆಸನ್ನ’, ಅಂದರೆ ಹತ್ತಿರದ್ದು ಅಂತ ಅಲ್ಲೇ ಸೇರಿಸಿದರು. ಸುಮಾರು 500 ವರ್ಷದ ಹಿಂದೆ ಕೇರಳದ ನೀಲಕಂಠ ಸೋಮಯಾಜಿಗಳು ಆ ಸಾಲಿಗೆ ಭಾಷ್ಯ ಬರೆಯುತ್ತಾ, ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಅಳತೆಗೋಲು ಪರಿಧಿಯಲ್ಲಿ ಶೇಷ ಉಳಿಸಿಯೇ ತೀರುತ್ತದೆ ಅಂದರು. ಪೈ ಅಭಾಗಲಬ್ಧ ಅಂತ ಸಾಧಿಸಿ ತೋರಿಸಿದ್ದು ಲ್ಯಾಂಬರ್ಟ್, 1761ರಲ್ಲಿ.

ಭಾಗಲಬ್ಧ, ಅಭಾಗಲಬ್ಧ ಎರಡೂ ಸೇರಿ ವಾಸ್ತವ ಸಂಖ್ಯೆಗಳು. ರೇಖೆಯಲ್ಲಿ ಇನ್ನು ತೂತಿಲ್ಲ. ಕೊಟ್ಟ ಬೆಲೆ? ಪಟ್ಟಿ. ಭಿನ್ನಗಳು ಅನಂತ ಇದ್ದರೂ ಅವನ್ನು ಒಂದು, ಎರಡು, ಮೂರು ಅಂತ ಸಾಲಾಗಿ ನಿಲ್ಲಿಸಬಹುದು. ವಾಸ್ತವ ಸಂಖ್ಯೆಗಳನ್ನು ಹಾಗೆ ನಿಲ್ಲಿಸೋಕೆ ಆಗುವುದೇ ಇಲ್ಲ ಅಂತ ಕ್ಯಾಂಟರ್ 1874ರಲ್ಲಿ ತೋರಿಸಿದರು. ಯೋಚಿಸಿ ನೋಡಿ. ನಾವು ಬರೆಯಬಹುದಾದ ಹೆಸರು, ಸೂತ್ರ, ವಾಕ್ಯ ಎಲ್ಲವನ್ನೂ ಪಟ್ಟಿ ಮಾಡಬಹುದು. ವಾಸ್ತವ ಸಂಖ್ಯೆಗಳನ್ನು ಆಗಲ್ಲ. ಅಂದಮೇಲೆ ಅವುಗಳಲ್ಲಿ ಬಹುಪಾಲಿಗೆ ಯಾವ ಹೆಸರೂ ಸಿಗುವುದಿಲ್ಲ. ‘ವಾಸ್ತವ’ ಅಂತ ಕರೆಯುತ್ತೇವೆ ಬೇರೆ!

ಕೊನೆಯ ‘ಆಗಲ್ಲ’ವನ್ನು ಬೇಗ ಮುಗಿಸುತ್ತೇನೆ. ಋಣ ಸಂಖ್ಯೆ ಸ್ವಭಾವದಿಂದಲೇ ವರ್ಗವಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ್ದು ಮತ್ತೆ ನಮ್ಮ ಮಹಾವೀರಾಚಾರ್ಯರೇ. ಏಳು ಶತಮಾನ ಆದಮೇಲೆ ಇಟಲಿಯಲ್ಲಿ ಅದೇ ಮೂಲ ಬೇಡವೆಂದರೂ ಎದುರಿಗೆ ಬಂತು. ಒಂದು ಸಂಖ್ಯೆಯ ಘನ, ಅದರ 15 ಪಟ್ಟಿಗಿಂತ 4 ಜಾಸ್ತಿ. ಯಾವುದು? ಉತ್ತರ 4. ಘನ 64, 15 ಪಟ್ಟು 60. ಆದರೆ ಕಾರ್ಡಾನೊ 1545ರಲ್ಲಿ ಪ್ರಕಟಿಸಿದ ಸೂತ್ರದಿಂದ ಹೊರಟರೆ ದಾರಿಯಲ್ಲಿ −121ರ ವರ್ಗಮೂಲ ಸಿಗುತ್ತದೆ. ಬೊಂಬೆಲ್ಲಿ 1572ರಲ್ಲಿ, ಇದ್ದರೆ ಇರಲಿ ಅಂತ ಅದಕ್ಕೆ ಲೆಕ್ಕದ ನಿಯಮ ಹಾಕಿ ಮುಂದುವರಿದರು. ಕೊನೆಗೆ ಆ ಮೂಲಗಳು ಒಂದನ್ನೊಂದು ಹೊಡೆದುಕೊಂಡು 4 ಉಳಿಯಿತು. −1ರ ವರ್ಗಮೂಲಕ್ಕೆ ಈಗ ‘ಐ’ ಅನ್ನುತ್ತೇವೆ. ಪಿಯುಸಿಯಲ್ಲಿ ಇವು ಸಂಕೀರ್ಣ ಸಂಖ್ಯೆಗಳು. ಇಲ್ಲಿ ಬಿಟ್ಟುಕೊಟ್ಟದ್ದು ಹೆಚ್ಚು-ಕಡಿಮೆಯನ್ನು. ‘ಐ’ ಸೊನ್ನೆಗಿಂತ ದೊಡ್ಡದು ಅನ್ನಿ, ಅದರ ವರ್ಗವೂ ದೊಡ್ಡದಿರಬೇಕು. ವರ್ಗ −1. ಚಿಕ್ಕದು ಅನ್ನಿ, ಆಗ ‘−ಐ’ ದೊಡ್ಡದು, ಅದರ ವರ್ಗವೂ −1. ಎರಡೂ ನಡೆಯಲ್ಲ. ಐದು ದೊಡ್ಡದೋ ಐ ದೊಡ್ಡದೋ ಅಂತ ಕೇಳುವ ಹಾಗೇ ಇಲ್ಲ. 1843ರಲ್ಲಿ ಹ್ಯಾಮಿಲ್ಟನ್ ಇನ್ನೂ ಮುಂದೆ ಹೋಗಿ ನಾಲ್ಕು ಭಾಗದ ಸಂಖ್ಯೆ ಮಾಡಿದರು. ಅಲ್ಲಿ ಮೊದಲನೆಯದನ್ನು ಎರಡನೆಯದರಿಂದ ಗುಣಿಸಿದ್ದೂ, ಎರಡನೆಯದನ್ನು ಮೊದಲನೆಯದರಿಂದ ಗುಣಿಸಿದ್ದೂ ಒಂದೇ ಆಗಬೇಕಿಲ್ಲ.

ಮಾತು ಮುಗಿದ ಮೇಲೆ ಕೆಲವು ಪ್ರಶ್ನೆ ಬಂದವು. ಒಂದನ್ನು ಮಾತ್ರ ಇಲ್ಲಿ ಬರೆಯುತ್ತೇನೆ. ಆ ತಾಯಿಯ ಜೊತೆ ಬಂದಿದ್ದ ಹುಡುಗಿ ಕೇಳಿದ್ದು: “ಯಾವ ಗುಂಪಿಗೆ ಸೇರುತ್ತೆ ಅಂತ ಯಾರಿಗೂ ಗೊತ್ತಿಲ್ಲದ ಸಂಖ್ಯೆ ಇದೆಯಾ, ಸರ್?”

ಇದೆ, ಪುಟ್ಟ. ಪೈ ಗೊತ್ತಲ್ಲ. ‘ಇ’ ಅಂತ ಇನ್ನೊಂದಿದೆ, 2.71828…, ಚಕ್ರಬಡ್ಡಿಯನ್ನು ಕ್ಷಣಕ್ಷಣಕ್ಕೂ ಹಾಕಿದರೆ ಬರುವುದು. ಎರಡೂ ಅಭಾಗಲಬ್ಧ. ಬರೀ ಅಭಾಗಲಬ್ಧ ಅಲ್ಲ, ಪೂರ್ಣಾಂಕದ ಸಹಗುಣಕ ಇರುವ ಯಾವ ಸಮೀಕರಣಕ್ಕೂ ಅವು ಉತ್ತರವಾಗುವುದಿಲ್ಲ. √2 ಹಾಗಲ್ಲ, ಅದಕ್ಕೆ ‘ವರ್ಗ 2’ ಅನ್ನುವ ಸಮೀಕರಣ ಇದೆ. ‘ಇ’ ಇಂಥದ್ದು ಅಂತ 1873ರಲ್ಲಿ ಹರ್ಮಿಟ್ ತೋರಿಸಿದರು, ಪೈ ಇಂಥದ್ದು ಅಂತ 1882ರಲ್ಲಿ ಲಿಂಡೆಮನ್. ಈಗ ಪೈ ಮತ್ತು ಇ ಎರಡನ್ನೂ ಕೂಡು. ಸುಮಾರು 5.8599. ಅದು ಭಾಗಲಬ್ಧವೋ ಅಭಾಗಲಬ್ಧವೋ? ಇವತ್ತಿನ ತನಕ ಯಾರಿಗೂ ಗೊತ್ತಿಲ್ಲ. ಎರಡನ್ನೂ ಗುಣಿಸಿದರೆ? ಅದೂ ಗೊತ್ತಿಲ್ಲ. ಒಂದು ಮಾತ್ರ ಖಚಿತ, ಮೊತ್ತ ಮತ್ತು ಗುಣಲಬ್ಧ ಎರಡೂ ಭಾಗಲಬ್ಧ ಆಗಿರೋಕೆ ಸಾಧ್ಯವಿಲ್ಲ. ಹತ್ತನೇ ತರಗತಿಯ ವರ್ಗ ಸಮೀಕರಣ ಸಾಕು ಇದಕ್ಕೆ. ಮೂಲಗಳ ಮೊತ್ತ, ಗುಣಲಬ್ಧ ಗೊತ್ತಿದ್ದರೆ ಸಮೀಕರಣ ಬರೆಯಬಹುದಲ್ಲ. ಎರಡೂ ಭಾಗಲಬ್ಧವಾಗಿದ್ದರೆ ಛೇದಗಳಿಂದ ಗುಣಿಸಿ ಪೂರ್ಣಾಂಕ ಮಾಡಿಕೊಳ್ಳಬಹುದು. ಆಗ ಪೈ ಒಂದು ವರ್ಗ ಸಮೀಕರಣದ ಉತ್ತರ ಆಗಿಬಿಡುತ್ತದೆ. ಆಗಲ್ಲ ಅಂತ ಲಿಂಡೆಮನ್ ಹೇಳಿಯಾಗಿದೆ. ಹಾಗಾಗಿ ಎರಡರಲ್ಲಿ ಒಂದಾದರೂ ಅಭಾಗಲಬ್ಧ.

“ಯಾವುದು?” ಅಂದಳು.

ಅದೇ ಗೊತ್ತಿಲ್ಲ ಅಂದೆ. ನೋಟ್‌ಬುಕ್ ತೆಗೆದು ಎರಡನ್ನೂ ಬರೆದುಕೊಂಡಳು.